ಒಬ್ಬಳೇ ನಾಗವೇಣಿ, ನಾಲ್ಕು ರೂಪ: ಚಿತ್ರಕಥೆಯೊಂದರಲ್ಲಿ ಪಾತ್ರದ ಹೆಸರು ನಿಗದಿಯಾದ ಬಗೆ

ಹಿನ್ನೆಲೆ

ಇಲ್ಲಿ ಹೇಳಹೊರಟಿರುವುದು ಸಣ್ಣ ಬಂಡವಾಳದ ಒಂದು ಕನ್ನಡ ಚಿತ್ರಕ್ಕಾಗಿ ಬರೆದ ಚಿತ್ರಕಥೆಯ ಸಂಗತಿ. ಬರೆದವರು ಅದುವರೆಗೆ ಸಣ್ಣಕತೆಗಳಲ್ಲಿ ಕೈ ಪಳಗಿಸಿಕೊಂಡಿದ್ದ ಲೇಖಕಿ. ನಿರ್ದೇಶಕರಿಗೆ ಅದು ಎರಡನೆಯ ಚಿತ್ರ. ಪ್ರತಿ ಕರಡನ್ನೂ ಓದಿ ಅಭಿಪ್ರಾಯ ಹೇಳುವ ಕೆಲಸ ನನ್ನದಾಗಿತ್ತು. ಸಂಬಂಧಪಟ್ಟವರ ಗುರುತು ಸಿಗದಿರಲೆಂದು ಪಾತ್ರದ ಹೆಸರು, ವೃತ್ತಿ ಮತ್ತು ಕಥೆಯ ಕೆಲವು ಘಟನೆಗಳನ್ನು ಬದಲಿಸಿದ್ದೇನೆ. ಕೈಗೊಂಡ ತೀರ್ಮಾನಗಳನ್ನೂ ಅವುಗಳ ಹಿಂದಿನ ವಾದಗಳನ್ನೂ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ.

ಕಥೆ ಶರಾವತಿಯ ಮುಳುಗಡೆ ಪ್ರದೇಶದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮಲೆನಾಡಿನ ಅನೇಕ ಹಳ್ಳಿಗಳು ಹಿನ್ನೀರಿನ ಪಾಲಾದವು. ಅದಕ್ಕೂ ಮೊದಲು ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲೆಂದು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಅದೇ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷ ಅದು ಮತ್ತೆ ಹೊರಗೆ ಕಾಣಿಸಿಕೊಳ್ಳುತ್ತದೆ. ಚಿತ್ರಕಥೆಯ ಮುಖ್ಯ ಪಾತ್ರವಾದ ನಾಗವೇಣಿ 1964ರಲ್ಲಿ 10 ವರ್ಷದ ಹುಡುಗಿ. 1982ರಲ್ಲಿ ಆಕೆ 28 ವರ್ಷದ ಶಿಕ್ಷಕಿ. ಪರಿಹಾರದ ಜಮೀನಿನ ಕಾಗದಪತ್ರಕ್ಕಾಗಿ ತಂದೆಯ ಪರವಾಗಿ ಕಚೇರಿಯಿಂದ ಕಚೇರಿಗೆ ಅಲೆಯುವವಳು. 2022ರ ಬೇಸಿಗೆಯಲ್ಲಿ 68ರ ವಯಸ್ಸಿನಲ್ಲಿ ಮೊಮ್ಮಗಳನ್ನು ಕರೆದುಕೊಂಡು, ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ, ಹಳೆಯ ಊರಿದ್ದ ಜಾಗವನ್ನು ನೋಡಲು ಹೊರಡುತ್ತಾರೆ.

ಇಷ್ಟೇ ಆಗಿದ್ದರೆ ಇದು ಮೂರು ವಯಸ್ಸುಗಳ ಸರಳ ಲೆಕ್ಕವಾಗಿರುತ್ತಿತ್ತು. ಆದರೆ ಕಥೆಯ ಜೀವ ಇದ್ದದ್ದು ನಾಲ್ಕನೆಯ ನಾಗವೇಣಿಯಲ್ಲಿ. ಊರು ಬಿಟ್ಟ ದಿನದ ಬಗ್ಗೆ ಅಜ್ಜಿ ಮೊಮ್ಮಗಳಿಗೆ ಹೇಳುವ ಕತೆಯಲ್ಲಿ ಹತ್ತು ವರ್ಷದ ಹುಡುಗಿ ಊರು ಬಿಡಲಾರೆನೆಂದು ಕೊಟ್ಟಿಗೆಯಲ್ಲಿ ಅಡಗಿ ಕೂರುತ್ತಾಳೆ. ಅಪ್ಪ ಅವಳನ್ನು ಎತ್ತಿಕೊಂಡು ಬಂದು ಲಾರಿಗೆ ಹತ್ತಿಸುತ್ತಾನೆ. ನಿಜವಾಗಿ ನಡೆದದ್ದು ಬೇರೆ. ಅಂದು ಲಾರಿಯನ್ನು ಮೊದಲು ಹತ್ತಿ ಕುಳಿತವಳೇ ಅವಳು. ಕೊಟ್ಟಿಗೆಯಲ್ಲಿ ಅಡಗಿದ್ದವಳು ಅವಳ ಅಜ್ಜಿ, ಮತ್ತು ಅಜ್ಜಿ ಎಲ್ಲಿದ್ದಾಳೆಂದು ದೊಡ್ಡವರಿಗೆ ಕೈ ತೋರಿಸಿದವಳೂ ಅವಳೇ. ಈ ಸತ್ಯ ಪ್ರೇಕ್ಷಕರಿಗೆ ತಿಳಿಯುವುದು ಚಿತ್ರ ಮುಗಿಯಲು ಇನ್ನು ಕಾಲು ಭಾಗ ಉಳಿದಿರುವಾಗ.

ತೊಡಕು ಕಾಣಿಸಿಕೊಂಡದ್ದು

ಮೊದಲ ಕರಡಿನಲ್ಲಿ ಲೇಖಕಿ ಎಲ್ಲ ವಯಸ್ಸಿಗೂ 'ನಾಗವೇಣಿ' ಎಂಬ ಒಂದೇ ಹೆಸರಿಟ್ಟಿದ್ದರು. ದೃಶ್ಯದ ತಲೆಬರಹದಲ್ಲಿ ಇಸವಿ ಇರುವುದರಿಂದ ಅಷ್ಟೇ ಸಾಕೆಂಬುದು ಅವರ ನಿಲುವು. ಕತೆಗಾರ್ತಿಯಾಗಿ ಆ ನಿಲುವು ಸಹಜವೇ ಆಗಿತ್ತು, ಏಕೆಂದರೆ ಕತೆಯ ಓದುಗ ಒಂದು ಪ್ಯಾರಾದಿಂದ ಇನ್ನೊಂದಕ್ಕೆ ಕಾಲದ ಎಳೆಯನ್ನು ಹಿಡಿದುಕೊಂಡೇ ಹೋಗುತ್ತಾನೆ. ಚಿತ್ರಕಥೆಯನ್ನು ಹಾಗೆ ಓದುವವರು ಕಡಿಮೆ. ಕಾಸ್ಟ್ಯೂಮರ್ ತನಗೆ ಬೇಕಾದ ಪುಟವನ್ನು ತೆರೆಯುತ್ತಾರೆ, ಕಲಾವಿದರು ತಮ್ಮ ಸಂಭಾಷಣೆಯಿರುವ ಪುಟವನ್ನು ತೆರೆಯುತ್ತಾರೆ. ತಲೆಬರಹ ಹಿಂದಿನ ಪುಟದಲ್ಲಿ ಉಳಿದಿದ್ದರೆ ಇಸವಿಯೂ ಅಲ್ಲೇ ಉಳಿಯುತ್ತದೆ.

ಎಲ್ಲರೂ ಒಟ್ಟಿಗೆ ಕೂತು ಚಿತ್ರಕಥೆಯನ್ನು ಗಟ್ಟಿಯಾಗಿ ಓದಿದ ದಿನ ತೊಡಕು ಎದ್ದು ಕಂಡಿತು. ಲಾಂಚಿನ ಮೇಲೆ 68ರ ನಾಗವೇಣಿಯ ಪಕ್ಕದಲ್ಲಿ 28ರ ನಾಗವೇಣಿ ಬಂದು ನಿಲ್ಲುವ ಕಲ್ಪನೆಯ ದೃಶ್ಯವೊಂದಿತ್ತು. ಕರಡಿನಲ್ಲಿ ಅದು ಹೀಗಿತ್ತು:

ನಾಗವೇಣಿ ಕಂಬಿಗೆ ಒರಗಿ ನೀರು ನೋಡುತ್ತಿದ್ದಾಳೆ. ನಾಗವೇಣಿ ಪಕ್ಕಕ್ಕೆ ಬಂದು ನಿಲ್ಲುತ್ತಾಳೆ.
ನಾಗವೇಣಿ: ಇನ್ನೂ ಸಿಟ್ಟು ಹೋಗಿಲ್ವಾ?
ನಾಗವೇಣಿ: ಯಾರ ಮೇಲೆ?

ಸಿಟ್ಟು ಯಾರದು, ಕೇಳಿದವರು ಯಾರು ಎಂಬುದನ್ನು ಲೇಖಕಿಯೇ ಪ್ರತಿ ಸಾಲಿಗೂ ಬಿಡಿಸಿ ಹೇಳಬೇಕಾಯಿತು. ಇಂಗ್ಲಿಷ್ ಚಿತ್ರಕಥೆಯಲ್ಲಿ ಪಾತ್ರದ ಹೆಸರು ಮೊದಲ ಸಲ ಬಂದಾಗ ಅದನ್ನು ದೊಡ್ಡಕ್ಷರಗಳಲ್ಲಿ ಬರೆಯುವ ರೂಢಿಯಿದೆ. ಹೊಸ ರೂಪವೊಂದು ಕಾಣಿಸಿಕೊಂಡರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ. ಕನ್ನಡ ಲಿಪಿಯಲ್ಲಿ ಆ ಅನುಕೂಲವಿಲ್ಲ. ಎಡಕ್ಕೆ ದೃಶ್ಯ, ಬಲಕ್ಕೆ ಸಂಭಾಷಣೆ ಎಂದು ಹಾಳೆಯನ್ನು ಎರಡು ಭಾಗ ಮಾಡಿ ಬರೆಯುವ ನಮ್ಮ ಹಳೆಯ ಕ್ರಮದಲ್ಲಿ ಕನಿಷ್ಠ ಪಕ್ಷ ಎಡಬದಿಯ ವಿವರಣೆಯಾದರೂ ಮಾತಿನ ಪಕ್ಕದಲ್ಲೇ ಇರುತ್ತಿತ್ತು. ಮಾತನ್ನು ಹಾಳೆಯ ನಡುವೆ, ವಿವರಣೆಯ ಕೆಳಗೆ ಇಡುವ ಈಗಿನ ತಂತ್ರಾಂಶಗಳ ವಿನ್ಯಾಸದಲ್ಲಿ ಮಾತಿನ ತಲೆಯ ಮೇಲಿನ ಹೆಸರೇ ಎಲ್ಲವನ್ನೂ ಹೊರಬೇಕು.

ಎರಡು ಪ್ರಯತ್ನಗಳು

ಎರಡನೆಯ ಕರಡಿನಲ್ಲಿ ಲೇಖಕಿ ಜಾಣ್ಮೆಯ ದಾರಿಯೊಂದನ್ನು ಹಿಡಿದರು. ಸುತ್ತಲಿನವರು ಯಾವ ವಯಸ್ಸಿನಲ್ಲಿ ಹೇಗೆ ಕರೆಯುತ್ತಾರೋ ಅದನ್ನೇ ಪಾತ್ರದ ಹೆಸರಾಗಿಸಿದರು: ಹುಡುಗಿಯಾಗಿದ್ದಾಗ 'ನಾಗು', ಶಿಕ್ಷಕಿಯಾಗಿದ್ದಾಗ 'ನಾಗವೇಣಿ', ಅಜ್ಜಿಯಾದ ಮೇಲೆ 'ನಾಗವೇಣಮ್ಮ'. ಜೊತೆಗೆ ವಿವರಣೆಯ ಸಾಲುಗಳಲ್ಲಿ ಚಿಕ್ಕ ವಯಸ್ಸಿಗೆ 'ಬರುತ್ತಾಳೆ', ಹಿರಿಯ ವಯಸ್ಸಿಗೆ 'ಬರುತ್ತಾರೆ' ಎಂದು ಬಳಸಿದರು. ಓದಲು ಅದು ಬಹಳ ಹಿತವಾಗಿತ್ತು, ನನಗೂ ಮೊದಲ ಓದಿನಲ್ಲಿ ಮೆಚ್ಚುಗೆಯಾಯಿತು.

ಆದರೆ ಕಥೆಯ ಪರಿಚಯವೇ ಇಲ್ಲದ ಒಬ್ಬರಿಗೆ ಕರಡನ್ನು ಕೊಟ್ಟು, ಓದಿದ ಮೇಲೆ ಸಾರಾಂಶ ಬರೆದುಕೊಡಿ ಎಂದು ಕೇಳಿದಾಗ ಅವರು 'ನಾಗು' ಎಂಬವಳನ್ನು ನಾಗವೇಣಮ್ಮನ ತೀರಿಹೋದ ತಂಗಿ ಎಂದು ಬರೆದಿದ್ದರು. ಆ ಓದನ್ನು ತಪ್ಪೆನ್ನುವಂತಿರಲಿಲ್ಲ. ತಲೆಬರಹದ ಇಸವಿಯನ್ನು ಹಿಡಿದು ವಯಸ್ಸಿನ ಲೆಕ್ಕ ಹಾಕಿ ಮೂವರೂ ಒಬ್ಬಳೇ ಎಂದು ಕೂಡಿಸಿಕೊಳ್ಳುವ ಹೊರೆಯನ್ನು ಕರಡು ಓದುಗರ ಮೇಲೆ ಹೊರಿಸಿತ್ತು. ಇನ್ನೊಂದು ತೊಂದರೆಯೂ ಇತ್ತು. 2022ರ ದೃಶ್ಯಗಳಲ್ಲಿ ಅಣ್ಣ ತನ್ನ ತಂಗಿಯನ್ನು ಈಗಲೂ 'ನಾಗೂ' ಎಂದೇ ಕರೆಯುತ್ತಾನೆ. ಆ ಕರೆಯಲ್ಲಿರುವ ಸಲಿಗೆಯನ್ನು ಬಿಟ್ಟುಕೊಡುವಂತಿರಲಿಲ್ಲ. ಆದರೆ ಮಾತಿನಲ್ಲಿ 'ನಾಗೂ' ಎಂದು ಬಂದ ಕೂಡಲೇ ಓದುವವರ ಮನಸ್ಸು ಹತ್ತು ವರ್ಷದ ಹುಡುಗಿಯತ್ತ ಹೋಗುತ್ತಿತ್ತು. ಇತರರು ಕರೆಯುವ ಹೆಸರು ಸಂಭಾಷಣೆಯ ಸೊತ್ತು. ಅದನ್ನೇ ತಂದು ಗುರುತಿನ ಚೀಟಿಯಾಗಿ ಅಂಟಿಸಿದರೆ ಎರಡೂ ಕಡೆ ಕೆಲಸ ಕೆಡುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಮೂರನೆಯ ಕರಡಿನಲ್ಲಿ ಹೆಸರನ್ನು ಒಂದೇ ಇಟ್ಟು ಪಕ್ಕದಲ್ಲಿ ಆವರಣದೊಳಗೆ ವಯಸ್ಸನ್ನು ಹಾಕಲಾಯಿತು: 'ನಾಗವೇಣಿ (10)', 'ನಾಗವೇಣಿ (28)', 'ನಾಗವೇಣಿ (68)'. ಓದುವವರ ಗೊಂದಲ ಬಹುಮಟ್ಟಿಗೆ ನಿಂತಿತು. ಈ ಸಲ ಪೆಟ್ಟು ಬಿದ್ದದ್ದು ಶೆಡ್ಯೂಲ್ ಮಾಡುವ ಕಡೆ. ಚಿತ್ರಕಥೆ ಬರೆಯುವ ತಂತ್ರಾಂಶಗಳು ಸಾಮಾನ್ಯವಾಗಿ ಹೆಸರಿನ ಪಕ್ಕದ ಆವರಣವನ್ನು 'ಹಿನ್ನೆಲೆ ಧ್ವನಿ', 'ಫೋನಿನಲ್ಲಿ' ಎಂಬಂಥ ಸೂಚನೆಗೆಂದೇ ಮೀಸಲಿಟ್ಟಿರುತ್ತವೆ. ಪಾತ್ರಗಳ ಪಟ್ಟಿ ತೆಗೆಯುವಾಗ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಸಹ ನಿರ್ದೇಶಕರ ಕೈಗೆ ಬಂದ ಪಟ್ಟಿಯಲ್ಲಿ ನಾಗವೇಣಿ ಒಬ್ಬಳೇ ಇದ್ದಳು, ಮತ್ತು ಅವಳು ಹೆಚ್ಚುಕಡಿಮೆ ಎಲ್ಲ ದೃಶ್ಯಗಳಲ್ಲೂ ಇದ್ದಳು. ಬಾಲನಟಿ ಎಷ್ಟು ದಿನ ಬೇಕು ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆ ಏಕೆ ಅಷ್ಟು ತುರ್ತಿನದಾಗಿತ್ತೆಂಬುದನ್ನು ವಿವರಿಸಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ಅಥವಾ ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸತತ 27 ದಿನಗಳನ್ನು ಮೀರುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ದಂಡಾಧಿಕಾರಿಯ ಅನುಮತಿಯನ್ನೂ ಮೊದಲೇ ಪಡೆದಿರಬೇಕು. ಇತ್ತ ಹಿನ್ನೀರು ಇಳಿದಿರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಾತ್ರ. ಜೂನ್‌ನಲ್ಲಿ ಮಳೆ ಹಿಡಿದರೆ ಆ ವರ್ಷದ ಮಟ್ಟಿಗೆ ಲೊಕೇಷನ್ ಕೈತಪ್ಪಿದಂತೆಯೇ. ಬಾಲನಟಿಯ ಪ್ರತಿ ಗಂಟೆಯನ್ನೂ ಮೊದಲೇ ಹಂಚಿಟ್ಟುಕೊಳ್ಳಬೇಕಾದ ಇಂಥ ಸ್ಥಿತಿಯಲ್ಲಿ ಹುಡುಗಿಯ ದೃಶ್ಯಗಳನ್ನೂ ಅಜ್ಜಿಯ ದೃಶ್ಯಗಳನ್ನೂ ಒಂದೇ ಹೆಸರಿನಡಿ ತೋರಿಸುವ ಪಟ್ಟಿಯಿಂದ ಯಾವ ಪ್ರಯೋಜನವೂ ಇರಲಿಲ್ಲ. ಸಹ ನಿರ್ದೇಶಕರು ಮತ್ತೆ ಮೊದಲಿನಿಂದ ಕೈಯಲ್ಲೇ ಬ್ರೇಕ್‌ಡೌನ್, ಅಂದರೆ ಯಾವ ದೃಶ್ಯಕ್ಕೆ ಯಾರು ಬೇಕೆಂಬ ಪಟ್ಟಿ, ಮಾಡಿದರು.

ಅವರು ಆಗ ಆಡಿದ ಒಂದು ಮಾತು ಚರ್ಚೆಯ ದಿಕ್ಕನ್ನೇ ಬದಲಿಸಿತು. ಸೆಟ್ಟಿಗೆ ಬೇರೆ ಮನುಷ್ಯರು ಬರುವುದಾದರೆ ತನಗೆ ಬೇರೆ ಹೆಸರು ಬೇಕು, ಅದೇ ಮನುಷ್ಯರು ಬರುವುದಾದರೆ ಬೇರೆ ಹೆಸರು ಬೇಡ ಎಂಬುದು ಆ ಮಾತಿನ ತಿರುಳು. ಅದುವರೆಗೆ ನಾವೆಲ್ಲ ನಾಗವೇಣಿಯ ವ್ಯಕ್ತಿತ್ವ ಎಷ್ಟು ಬದಲಾಗಿದೆ ಎಂಬ ಅಳತೆಯಿಂದ ಹೆಸರನ್ನು ಹುಡುಕುತ್ತಿದ್ದೆವು. ಹೆಸರಿನ ಕೆಲಸ ಅಷ್ಟು ದೊಡ್ಡದಲ್ಲ. ಅದು ಯಾರ ದೇಹ ಎಂಬುದನ್ನು ಹೇಳಿದರೆ ಸಾಕು.

ಬರಿಯ ಹೆಸರು ಯಾರಿಗೆ

ಆವರಣವನ್ನು ತೆಗೆದು ಹೆಸರಿನ ಹಿಂದೆಯೇ ಒಂದು ಪದ ಸೇರಿಸುವುದೆಂದು ತೀರ್ಮಾನವಾಯಿತು: 'ಹುಡುಗಿ ನಾಗವೇಣಿ', 'ಯುವತಿ ನಾಗವೇಣಿ' ಎಂಬಂತೆ. ತಂತ್ರಾಂಶ ಇವನ್ನು ಬೇರೆ ಬೇರೆ ಪಾತ್ರಗಳೆಂದು ಎಣಿಸುತ್ತದೆ, ಓದುವವರಿಗೆ ಒಬ್ಬಳೇ ಎಂಬುದೂ ಮರೆಯುವುದಿಲ್ಲ. ಆದರೆ ಮೂರಕ್ಕೂ ಹೀಗೆ ಪದ ಸೇರಿಸಿದರೆ ಓದು ಭಾರವಾಗುತ್ತದೆ. ಒಂದು ರೂಪವಾದರೂ ಬರಿಯ 'ನಾಗವೇಣಿ' ಆಗಿರಬೇಕು. ಅದು ಯಾವುದು ಎಂಬಲ್ಲಿ ಲೇಖಕಿ ಮತ್ತು ನಿರ್ದೇಶಕರ ನಡುವೆ ದೀರ್ಘ ವಾದ ನಡೆಯಿತು. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವೆನಿಸುವ ಘಟ್ಟವೂ ಇದೇ.

ನಿರ್ದೇಶಕರು ಅದನ್ನು 28ರ ರೂಪಕ್ಕೆ ಕೊಡಬೇಕೆಂದರು. ಹೆಸರಾಂತ ನಟಿ ಮಾಡಲಿರುವುದು ಆ ಪಾತ್ರವನ್ನೇ. ಹೆಚ್ಚು ದೃಶ್ಯಗಳಿರುವುದೂ ಅವಳಿಗೇ. ಅದೇ ನಟಿಗೆ ಮೇಕಪ್ ಮಾಡಿ 68ರ ಪಾತ್ರವನ್ನೂ ಮಾಡಿಸುವ ಯೋಚನೆ ಆಗಿನ್ನೂ ಅವರ ಮನಸ್ಸಿನಲ್ಲಿತ್ತು. ಲೇಖಕಿ 68ರ ರೂಪಕ್ಕೇ ಅದು ಸಲ್ಲಬೇಕೆಂದು ಪಟ್ಟು ಹಿಡಿದರು. ಮೇಲ್ನೋಟಕ್ಕೆ ಇದು ಹೆಸರಿನ ಜಗಳದಂತೆ ಕಂಡರೂ, ಚಿತ್ರದ ವರ್ತಮಾನ ಯಾವುದು, ಯಾವುದು ನೆನಪು ಎಂಬ ಪ್ರಶ್ನೆ ಅದರೊಳಗಿತ್ತು. ಬರಿಯ ಹೆಸರು 28ರದ್ದಾದರೆ 2022ರ ಭಾಗವೆಲ್ಲ ಮುಂದೇನಾಯಿತೆಂದು ಹೇಳುವ ಅನುಬಂಧದಂತೆ ಓದಿಸಿಕೊಳ್ಳುತ್ತದೆ. 68ರದ್ದಾದರೆ 1982 ಕೂಡ ಹಿಂತಿರುಗಿ ನೋಡಿದ ಕಾಲವಾಗುತ್ತದೆ.

ಇಬ್ಬರೂ ತಮ್ಮ ನಿಲುವನ್ನು ಸಡಿಲಿಸದಿದ್ದಾಗ, ಕಥೆಯ ದಿಕ್ಕು ಬದಲಾಗುವ ತೀರ್ಮಾನಗಳನ್ನು ಯಾವ ವಯಸ್ಸಿನ ನಾಗವೇಣಿ ತೆಗೆದುಕೊಳ್ಳುತ್ತಾಳೆಂದು ಗುರುತು ಹಾಕಿ ನೋಡಲು ನಾನು ಸೂಚಿಸಿದೆ. 1982ರ ಭಾಗದಲ್ಲಿ ಆಕೆ ಓಡಾಡುತ್ತಾಳೆ, ಅರ್ಜಿ ಬರೆಯುತ್ತಾಳೆ, ಕಾಯುತ್ತಾಳೆ; ತೀರ್ಮಾನಿಸುವವರು ಮೇಜಿನ ಆಚೆಗಿದ್ದಾರೆ. ಹೊರಡುವುದು, ಸುಳ್ಳು ಹೇಳುವುದು, ಕೊನೆಗೆ ಆ ಸುಳ್ಳನ್ನು ತಾನೇ ಮುರಿಯುವುದು ಇವೆಲ್ಲ 68ರ ನಾಗವೇಣಿಯ ಕೆಲಸಗಳು. ಗುರುತು ಹಾಕಿದ ಪುಟಗಳನ್ನು ನೋಡಿದ ಮೇಲೆ ನಿರ್ದೇಶಕರು ಬರಿಯ ಹೆಸರನ್ನು 68ಕ್ಕೆ ಬಿಟ್ಟುಕೊಟ್ಟರು. ಅಷ್ಟೇ ಅಲ್ಲ, ಆ ಪಾತ್ರಕ್ಕೆ ಅದೇ ವಯಸ್ಸಿನ ರಂಗಭೂಮಿ ಕಲಾವಿದೆಯೊಬ್ಬರನ್ನು ಹುಡುಕುವುದೆಂದೂ ನಿರ್ಧರಿಸಿದರು. ಲಾಂಚಿನ ದೃಶ್ಯದಲ್ಲಿ ಇಬ್ಬರು ಕಲಾವಿದೆಯರು ನಿಜವಾಗಿಯೂ ಅಕ್ಕಪಕ್ಕ ನಿಲ್ಲುವಂತಾದ್ದರಿಂದ, ಒಬ್ಬರನ್ನೇ ಎರಡು ಸಲ ಚಿತ್ರಿಸಿ ಚೌಕಟ್ಟನ್ನು ಜೋಡಿಸುವ ಖರ್ಚೂ ಉಳಿಯಿತು.

ಒಂದೇ ವಯಸ್ಸಿನ ಇಬ್ಬರು ಹುಡುಗಿಯರು

ಉಳಿದದ್ದು ನಾಲ್ಕನೆಯ ರೂಪ. ಅಜ್ಜಿ ಹೇಳುವ ಕತೆಯೊಳಗಿನ ಹುಡುಗಿ ಮತ್ತು ನಿಜವಾಗಿ ಇದ್ದ ಹುಡುಗಿ ಇಬ್ಬರಿಗೂ ಹತ್ತು ವರ್ಷ, ಇಬ್ಬರನ್ನೂ ಮಾಡುವವಳು ಒಬ್ಬಳೇ ಬಾಲನಟಿ. ಲೇಖಕಿ ಒಂದು ಕರಡಿನಲ್ಲಿ ಮೊದಲನೆಯವಳನ್ನು 'ಕತೆಯ ನಾಗವೇಣಿ' ಎಂದು ಕರೆದು ನೋಡಿದರು. ಬಂಡವಾಳ ಹಾಕುವವರ ಕಡೆಯಿಂದ ಓದಿದವರೊಬ್ಬರು ಒಂಬತ್ತನೆಯ ದೃಶ್ಯಕ್ಕೇ ನಿಂತು, ಇದು ಸುಳ್ಳಿನ ಕತೆಯಲ್ಲವೇ, ನಿಜ ಯಾವಾಗ ಬರುತ್ತದೆ ಎಂದು ಕೇಳಿದರು. ಅರವತ್ತಕ್ಕೂ ಹೆಚ್ಚು ದೃಶ್ಯಗಳ ಕಾಲ ಮುಚ್ಚಿಡಬೇಕಾದ ಸಂಗತಿಯನ್ನು ಹೆಸರೇ ಬಯಲು ಮಾಡಿತ್ತು. ಪ್ರೇಕ್ಷಕರಿಗೆ ತೆರೆಯ ಮೇಲೆ ಪಾತ್ರದ ಹೆಸರು ಕಾಣುವುದಿಲ್ಲ, ಆದ್ದರಿಂದ ಅವರಿಗೆ ಗುಟ್ಟು ಉಳಿಯುತ್ತಿತ್ತು, ನಿಜ. ಆದರೆ ಚಿತ್ರಕಥೆಯ ಮೊದಲ ಪ್ರೇಕ್ಷಕರು ಅದನ್ನು ಓದುವವರೇ, ಮತ್ತು ಹಣ ಬರಬೇಕಾದದ್ದೂ ಅವರಿಂದಲೇ.

ಸಹ ನಿರ್ದೇಶಕರ ಸೂತ್ರ ಇಲ್ಲಿ ನೇರವಾಗಿ ಅನ್ವಯಿಸಿತು: ದೇಹ ಒಂದೇ ಆದ್ದರಿಂದ ಹೆಸರೂ ಒಂದೇ, 'ಹುಡುಗಿ ನಾಗವೇಣಿ'. ತಲೆಬರಹವೂ ಒಂದೇ, 1964. ವ್ಯತ್ಯಾಸವೆಲ್ಲ ವಿವರಣೆಯ ಸಾಲಿಗೆ ಹೋಯಿತು, ಅದೂ ಕಣ್ಣಿಗೆ ಕಾಣುವ ಒಂದೇ ವಸ್ತುವಿನ ಮೂಲಕ. ಮೊದಲ ಬಾರಿ ಅದು ಹೀಗೆ ಬರುತ್ತದೆ:

ದೃಶ್ಯ 9. ಹೊರಗೆ. ಹಳೆಮನೆಯ ಅಂಗಳ. ಬೆಳಿಗ್ಗೆ (1964)
ಲಾರಿಯ ಮೇಲೆ ಕಡಾಯಿ, ಒರಳು, ಸುತ್ತಿಟ್ಟ ಚಾಪೆಗಳು. ಹುಡುಗಿ ನಾಗವೇಣಿ ಬರಿಗಾಲಲ್ಲಿ ಕೊಟ್ಟಿಗೆಯತ್ತ ಓಡುತ್ತಾಳೆ.

ಮಲೆನಾಡಿನ ಹಳ್ಳಿಯ ಹುಡುಗಿ ಬರಿಗಾಲಲ್ಲಿ ಓಡುವುದು ಯಾರ ಗಮನಕ್ಕೂ ಬರುವುದಿಲ್ಲ, ಬರಬಾರದೆಂಬುದೇ ಉದ್ದೇಶ. ಬಹಳ ಹೊತ್ತಿನ ನಂತರ:

ದೃಶ್ಯ 71. ಹೊರಗೆ. ಹಳೆಮನೆಯ ಅಂಗಳ. ಬೆಳಿಗ್ಗೆ (1964)
ಅದೇ ಲಾರಿ. ಹಿಂಬದಿಯಿಂದ ಎರಡು ಕಾಲುಗಳು ಇಳಿಬಿದ್ದಿವೆ. ಪೇಟೆಗೆಂದು ಕೊಂಡ ಹೊಸ ಚಪ್ಪಲಿ. ಅಟ್ಟೆಗೆ ಇನ್ನೂ ಮಣ್ಣು ತಾಗಿಲ್ಲ. ಹುಡುಗಿ ನಾಗವೇಣಿ ಕಾಲಾಡಿಸುತ್ತ ಕೊಟ್ಟಿಗೆಯತ್ತ ಬೆರಳು ತೋರಿಸುತ್ತಾಳೆ.

ಹೊಸ ಓದುಗರಿಗೆ ಕೊಟ್ಟು ನೋಡಿದಾಗ ಯಾರೂ 71ರವರೆಗೆ ಗುಟ್ಟನ್ನು ಊಹಿಸಲಿಲ್ಲ. ಆ ದೃಶ್ಯ ಓದಿದ ಕೂಡಲೇ ಇಬ್ಬರು ಪುಟ ತಿರುವಿ ಒಂಬತ್ತನೆಯ ದೃಶ್ಯಕ್ಕೆ ಹಿಂದಿರುಗಿದರು. ಮೈಬಣ್ಣದ ಛಾಯೆ, ಕ್ಯಾಮೆರಾದ ಚಲನೆ, ಮಬ್ಬು ಬೆಳಕು ಎಂದು ಲೇಖಕಿ ಮೊದಲು ಬರೆದಿದ್ದ ಸೂಚನೆಗಳಿಗಿಂತ ಒಂದು ಜೊತೆ ಚಪ್ಪಲಿ ಚೆನ್ನಾಗಿ ಕೆಲಸ ಮಾಡಿತು. ಛಾಯೆಯ ಸೂಚನೆಗಳು ಛಾಯಾಗ್ರಾಹಕರೊಬ್ಬರಿಗೆ ಹೇಳಿದ ಮಾತಾಗುತ್ತವೆ. ವಸ್ತುವಾದರೆ ಓದುವವರಿಗೆ, ತೊಡುವವರಿಗೆ, ತೊಡಿಸುವವರಿಗೆ ಎಲ್ಲರಿಗೂ ಒಂದೇ ಅರ್ಥ.

ಚಿತ್ರೀಕರಣದಲ್ಲಿ

ಗುಟ್ಟನ್ನು ಚಿತ್ರಕಥೆಯಲ್ಲಿ ಮುಚ್ಚಿಟ್ಟ ಮೇಲೆ ಅದನ್ನು ಬೇರೆ ಕಡೆ ಬಿಚ್ಚಿ ಬರೆದಿಡಬೇಕಾಗುತ್ತದೆ. ಕಂಟಿನ್ಯುಟಿ (ಶಾಟಿನಿಂದ ಶಾಟಿಗೆ ಹೊಂದಿಕೆ) ನೋಡುವವರಿಗೆ, ಕಾಸ್ಟ್ಯೂಮ್ ವಿಭಾಗಕ್ಕೆ, ಸಂಕಲನಕಾರರಿಗೆಂದು ಪ್ರತ್ಯೇಕ ಹಾಳೆಯೊಂದನ್ನು ತಯಾರಿಸಲಾಗಿತ್ತು: ಹುಡುಗಿಯ ಪ್ರತಿ ದೃಶ್ಯದ ಎದುರು 'ಹೇಳಿದ್ದು' ಅಥವಾ 'ನಡೆದದ್ದು', ಪಕ್ಕದಲ್ಲಿ ಬರಿಗಾಲು ಅಥವಾ ಚಪ್ಪಲಿ. ಹಾಳೆ ಸರಿಯಾಗಿಯೇ ಇತ್ತು, ಆದರೆ ಎಲ್ಲರ ಕೈಗೂ ಹೋಗಿರಲಿಲ್ಲ. ಮೇ ತಿಂಗಳ ಮಧ್ಯಾಹ್ನ, ನೀರು ಇಳಿದು ಬಿರುಕುಬಿಟ್ಟ ಕೆಸರುನೆಲ ಕಾದಿದ್ದಾಗ, ಮಗುವಿನ ಕಾಲು ಸುಡುತ್ತದೆಂದು ಸಹಾಯಕರೊಬ್ಬರು ಚಪ್ಪಲಿ ಕೊಟ್ಟರು, ಮತ್ತು 'ಹೇಳಿದ್ದು' ಎಂದಿದ್ದ ದೃಶ್ಯದ ಒಂದು ಶಾಟ್ ಚಪ್ಪಲಿಯಲ್ಲೇ ಮುಗಿದುಹೋಯಿತು. ಕೊಟ್ಟವರನ್ನು ದೂರುವಂತಿರಲಿಲ್ಲ, ಅವರ ಕೈಯಲ್ಲಿದ್ದ ಚಿತ್ರಕಥೆಯ ಪ್ರಕಾರ ಎಲ್ಲ ದೃಶ್ಯಗಳಲ್ಲೂ ಇದ್ದವಳು ಅದೇ ಹುಡುಗಿ ನಾಗವೇಣಿ. ಅಂದು ಬಾಲನಟಿಯ 5 ಗಂಟೆ ಮುಗಿಯುತ್ತ ಬಂದಿತ್ತಾದ್ದರಿಂದ ಆ ಶಾಟನ್ನು ಮರುದಿನ ಬೆಳಿಗ್ಗೆ, ನೆಲ ತಂಪಾಗಿರುವಾಗ ಮತ್ತೆ ತೆಗೆದರು. ಅಲ್ಲಿಂದ ಮುಂದೆ ಆಯಾ ದಿನದ ಕೆಲಸದ ಪಟ್ಟಿಯಾದ ಕಾಲ್‌ಶೀಟಿನಲ್ಲೇ ಆ ಎರಡು ಪದಗಳಲ್ಲಿ ಒಂದನ್ನು ಬರೆಯುವುದು ರೂಢಿಯಾಯಿತು.

ಬಾಲನಟಿಗೆ ಇದನ್ನು ಹೇಗೆ ವಿವರಿಸುವುದೆಂದು ದೊಡ್ಡವರು ಬಹಳ ಯೋಚಿಸಿದ್ದರು. ಆದರೆ 'ಇದು ಅಜ್ಜಿ ಹೇಳೋ ಕತೆ, ಇದು ನಿಜವಾಗಿ ಆಗಿದ್ದು' ಎಂದು ಎರಡು ವಾಕ್ಯದಲ್ಲಿ ಹೇಳಿದಾಗ ಅವಳಿಗೆ ಏನೂ ಕಷ್ಟವಾಗಲಿಲ್ಲ. ಪ್ರತಿ ಶಾಟಿಗೆ ಮೊದಲು ಯಾವುದು ಎಂದು ತಾನೇ ಕೇಳುತ್ತಿದ್ದಳಂತೆ.

ಈ ಪ್ರಕರಣ ಎಲ್ಲಿಗೆ ಅನ್ವಯಿಸುತ್ತದೆ

ಇಲ್ಲಿ ಸಿಕ್ಕ ಕ್ರಮ ಇಷ್ಟು: ಬೇರೆ ಕಲಾವಿದರು ಬರುವ ಕಡೆ ಹೆಸರೇ ಬೇರೆಯಾಗಬೇಕು, ಆದರೆ ಮೂಲ ಹೆಸರು ಅದರೊಳಗೆ ಉಳಿಯಬೇಕು, ಒಬ್ಬರೇ ಕಲಾವಿದರು ಎರಡು ಸತ್ಯಗಳನ್ನು ಆಡುವ ಕಡೆ ಹೆಸರು ಒಂದೇ ಇದ್ದು, ಭೇದ ವಿವರಣೆಗೆ ಹೋಗಬೇಕು. ಇದನ್ನು ಎಲ್ಲ ಚಿತ್ರಕಥೆಗೂ ಹಾಗೆಯೇ ಎತ್ತಿ ಒಯ್ಯಲಾಗದು. ಒಂದೇ ದಿನ ಮತ್ತೆ ಮತ್ತೆ ಮರುಕಳಿಸುವ ಕಥೆಯಲ್ಲಿ ಪಾತ್ರದ ಹೆಸರನ್ನು ಮುಟ್ಟುವ ಅಗತ್ಯವೇ ಇಲ್ಲ, ಎಷ್ಟನೆಯ ಸುತ್ತು ಎಂಬುದನ್ನು ತಲೆಬರಹವೇ ಹೇಳಬಹುದು. ದ್ವಿಪಾತ್ರದಲ್ಲಿ ನಟ ಒಬ್ಬರೇ ಆದರೂ ವ್ಯಕ್ತಿಗಳು ಇಬ್ಬರು, ಆದ್ದರಿಂದ ದೇಹವನ್ನು ನೋಡಿ ಹೆಸರಿಡುವ ಸೂತ್ರ ಅಲ್ಲಿ ತಲೆಕೆಳಗಾಗುತ್ತದೆ. ಒಂದೇ ನಟ ಮೇಕಪ್ಪಿನಲ್ಲಿ ಮೂರು ವಯಸ್ಸನ್ನು ಮಾಡುವುದಾದರೆ ಹೆಸರನ್ನು ಒಡೆಯಬೇಕೇ ಎಂಬುದನ್ನು ನಿರ್ಧರಿಸಬೇಕಾದವರು ಬಹುಶಃ ಮೇಕಪ್ಪಿಗೆ ತಗಲುವ ಹೊತ್ತನ್ನು ಲೆಕ್ಕ ಹಾಕುವವರು.

ಈ ಚಿತ್ರಕಥೆಯಲ್ಲೂ ಒಂದು ತೊಡಕು ಬಗೆಹರಿಯದೆ ಉಳಿಯಿತು. 1982ರ ಕೆಲವು ದೃಶ್ಯಗಳ ಮೇಲೆ ನಾಗವೇಣಿಯ ಹಿನ್ನೆಲೆ ಧ್ವನಿ ಬರುತ್ತದೆ. ಹೆಸರಿನ ಪ್ರಕಾರ ಅದು 68ರ ಧ್ವನಿ. ಆದರೆ ಆಡುವ ಮಾತುಗಳಲ್ಲಿ ಕೆಲವು 28ರವಳಿಗೆ ಮಾತ್ರ ಗೊತ್ತಿರಬಹುದಾದ ಬಿಸಿಯನ್ನು ಹೊತ್ತಿವೆ. ಲೇಖಕಿ ಎರಡು ಕಡೆ 'ಯುವತಿ ನಾಗವೇಣಿ (ಹಿನ್ನೆಲೆ ಧ್ವನಿ)' ಎಂದು ಬದಲಿಸಿ, ಮತ್ತೆ ಹಿಂದಿನಂತೆಯೇ ಮಾಡಿದರು. ಕೊನೆಗೆ ಇಬ್ಬರು ಕಲಾವಿದೆಯರಿಂದಲೂ ಆ ಮಾತುಗಳನ್ನು ಡಬ್ಬಿಂಗ್‌ನಲ್ಲಿ ಮುದ್ರಿಸಿಕೊಂಡು, ಸಂಕಲನದ ಮೇಜಿನ ಮೇಲೆ ಆಯ್ದುಕೊಳ್ಳುವುದೆಂದು ನಿರ್ದೇಶಕರು ಹೇಳಿದರು. ನಾನು ಓದಿದ ಕೊನೆಯ ಕರಡಿನಲ್ಲಿ ಆ ಸಾಲುಗಳ ಮೇಲೆ 'ನಾಗವೇಣಿ' ಎಂದಷ್ಟೇ ಇದ್ದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯಿತ್ತು.